ಗಣಿಯವರ ಎದೆ, ಕಂಪನಿಗಳ ಸಾಫ್ಟ್‌ವೇರ್

ಕೋಲಾರದ ಚಿನ್ನದ ಗಣಿಗಳಲ್ಲಿ (ಕೆಜಿಎಫ್) ಎದೆಯ ಎಕ್ಸ್‌ರೇ ಎಂಬುದು ಒಂದು ಕಾಲಕ್ಕೆ ಮನೆಮಂದಿಯ ಅನ್ನದ ಪ್ರಶ್ನೆಯಾಗಿತ್ತು. ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದ ಮೇಲೆ, ಬಂಡೆ ಕೊರೆಯುವಾಗ ಎದ್ದ ದೂಳನ್ನು ವರ್ಷಗಟ್ಟಲೆ ಉಸಿರಾಡಿ ಶ್ವಾಸಕೋಶ ಗಟ್ಟಿಯಾದ ಕಾರ್ಮಿಕನಿಗೆ ಪರಿಹಾರ ಸಿಗಬೇಕಾದರೆ, ಆ ಕಾಯಿಲೆಯ ಗುರುತು ಫಿಲ್ಮಿನ ಮೇಲೆ ಕಾಣಬೇಕಿತ್ತು. ಆ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಪತ್ತೆಯಾಯಿತು. ಭಾರತದಲ್ಲಿ ಔದ್ಯೋಗಿಕ ರೋಗಗಳ ಬಗ್ಗೆ ಬರೆಯುವವರು ಇವತ್ತಿಗೂ ಕೆಜಿಎಫ್‌ನ ಈ ಲೆಕ್ಕದಿಂದಲೇ ಶುರುಮಾಡುತ್ತಾರೆ.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಾಂಪಿಯನ್ ರೀಫ್‌ನ ಗಣಿ ನಡೆಸುತ್ತಿದ್ದ ಬಿಜಿಎಂಎಲ್ ಕಂಪನಿಯ ಆಸ್ಪತ್ರೆ ಅದರ ಹಿಂದೆಯೇ ಕಳೆಗುಂದಿತು. ಸಿಲಿಕೋಸಿಸ್ ಮಾತ್ರ ಗಣಿಯ ಜೊತೆ ಮುಚ್ಚಿಹೋಗುವ ಕಾಯಿಲೆಯಲ್ಲ. ದೂಳಿನಿಂದ ದೂರ ಬಂದ ಮೇಲೂ ಅದು ಬೆಳೆಯುತ್ತದೆ, ಕ್ಷಯ ಅಂಟುವ ಸಂಭವವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಮೂವತ್ತರ ವಯಸ್ಸಿನಲ್ಲಿ ಕೊನೆಯ ಪಾಳಿ ಮುಗಿಸಿ ಮೇಲೆ ಬಂದವರಿಗೆ ಈಗ ಐವತ್ತು ದಾಟಿದೆ. ಅವರಿಗಿಂತ ಹಿರಿಯರು ಉರಿಗಾಂ, ಕೋರಮಂಡಲ್, ಮಾರಿಕುಪ್ಪಂನ ಲೈನ್ ಮನೆಗಳಲ್ಲಿ ಇದ್ದಾರೆ. ಊರಿನ ನಡುವೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ, ಮೂರು ಕೋಟಿ ಟನ್ನಿಗೂ ಮೀರಿದ ಸೈನೈಡ್ ದಿಬ್ಬಗಳಿವೆ. ಬೇಸಿಗೆಯ ಗಾಳಿಗೆ ಅವುಗಳ ಪುಡಿ ಮನೆಗಳಿಗೆ ನುಗ್ಗುತ್ತದೆ. ಆಸ್ಪತ್ರೆಗಳ ಇಮೇಜಿಂಗ್ ಸಾಫ್ಟ್‌ವೇರ್ ಎತ್ತ ಸಾಗಿದೆ, ಅದನ್ನು ಮಾರುವ ಕಂಪನಿಗಳ ಕೆಲಸ ಹೇಗಿದೆ ಎಂಬ ಪ್ರಶ್ನೆಯನ್ನು ಕೆಜಿಎಫ್ ಮತ್ತು ಬಂಗಾರಪೇಟೆಯಲ್ಲಿ ನಿಂತು ಕೇಳಬೇಕು ಎಂದು ನನಗೆ ಅನ್ನಿಸಿದ್ದು ಇದರಿಂದಲೇ. ಎದೆಯ ಚಿತ್ರವನ್ನು ಓದುವುದು ಇಷ್ಟು ಕಷ್ಟವಾದ, ಇಷ್ಟು ಅಗತ್ಯವಾದ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಮೊದಲು ತಳಹದಿಯ ಸಂಗತಿಗಳು. ಹಿಂದೆ ಎಕ್ಸ್‌ರೇ ಎಂದರೆ ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸುತ್ತಿದ್ದ ಫಿಲ್ಮು. ಆಮೇಲೆ ಕ್ಯಾಸೆಟ್ಟನ್ನು ರೀಡರ್‌ಗೆ ಹಾಕಿ ಕಂಪ್ಯೂಟರಿಗೆ ಚಿತ್ರ ಪಡೆಯುವ ಸಿಆರ್ ಬಂತು, ಅದರ ನಂತರ ನೇರವಾಗಿ ಪರದೆಗೇ ಚಿತ್ರ ಕೊಡುವ ಡಿಆರ್. ಚಿತ್ರ ಡಿಜಿಟಲ್ ಆದ ಮೇಲೆ ಅದನ್ನು ಕೂಡಿಡಲು, ಕಳಿಸಲು, ಹಳೆಯದರ ಪಕ್ಕದಲ್ಲಿಟ್ಟು ನೋಡಲು ಒಂದು ವ್ಯವಸ್ಥೆ ಬೇಕು. ಅದೇ ಪ್ಯಾಕ್ಸ್. ಯಾವ ರೋಗಿಗೆ ಯಾವ ಪರೀಕ್ಷೆ, ರಿಪೋರ್ಟ್ ಯಾರು ಬರೆದರು, ಯಾವಾಗ ಕೊಟ್ಟರು ಎಂಬ ಲೆಕ್ಕ ಇಡುವುದು ರಿಸ್. ಒಂದು ಕಂಪನಿಯ ಯಂತ್ರದ ಚಿತ್ರ ಇನ್ನೊಂದು ಕಂಪನಿಯ ಪರದೆಯಲ್ಲಿ ತೆರೆಯಬೇಕಲ್ಲ, ಅದಕ್ಕಾಗಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆಯೂ ಯಂತ್ರ ತಯಾರಕರ ಸಂಘವೂ 1983ರಲ್ಲಿ ಕೂತು ಚರ್ಚೆ ಶುರುಮಾಡಿದವು. 1993ರ ಹೊತ್ತಿಗೆ ಅದು ಡೈಕಾಂ ಎಂಬ ಹೆಸರಿನ ಮಾನದಂಡವಾಯಿತು. ಇವತ್ತು ಪ್ರಪಂಚದ ಯಾವ ಸ್ಕ್ಯಾನಿಂಗ್ ಯಂತ್ರ ತೆಗೆದುಕೊಂಡರೂ ಡೈಕಾಂ ಮಾತಾಡುತ್ತದೆ. ಅಂದರೆ ಚಿತ್ರ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗಲು ತಾಂತ್ರಿಕ ಅಡ್ಡಿ ಮೂವತ್ತು ವರ್ಷಗಳಿಂದ ಇಲ್ಲ.

ಹಾಗಿದ್ದೂ ಇಲ್ಲಿ ಚಿತ್ರವನ್ನು ಹೊತ್ತು ತಿರುಗುವವನು ರೋಗಿಯೇ. ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲೋ ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲೋ ಎಕ್ಸ್‌ರೇ, ಸಿಟಿ ಬೇಕೆಂದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆ, ಗಡಿಯಾಚೆಗೆ ಕುಪ್ಪಂನ ಪಿಇಎಸ್, ಕೊನೆಗೆ ರೈಲು ಹತ್ತಿ ಬೆಂಗಳೂರು. ಕೆಲವರು ವೆಲ್ಲೂರಿಗೂ ಹೋಗುತ್ತಾರೆ. ಪ್ರತಿ ನಿಲ್ದಾಣದಲ್ಲೂ ಬೇರೆ ಬೇರೆ ಸಾಫ್ಟ್‌ವೇರ್, ಬೇರೆ ಬೇರೆ ರೋಗಿ ನಂಬರ್. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಫಿಲಂ ಕವರ್ ಹಿಡಿದು ಕೂತವರನ್ನು ಯಾವ ದಿನ ಬೇಕಾದರೂ ನೋಡಬಹುದು. ಕವರಿನೊಳಗಿನ ಪ್ರಿಂಟು ಮಸುಕಾಗಿದ್ದರೆ, ಸಿಡಿ ತೆರೆಯದಿದ್ದರೆ, ದೊಡ್ಡ ಆಸ್ಪತ್ರೆಯವರು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ದುಡ್ಡು ಎರಡು ಸಲ, ವಿಕಿರಣವೂ ಎರಡು ಸಲ.

ಇನ್ನು ಕಂಪನಿಗಳ ವಿಷಯ. ಜಗತ್ತಿನ ದೊಡ್ಡ ಆಸ್ಪತ್ರೆಗಳ ಮಾರುಕಟ್ಟೆ ಜಿಇ, ಸೀಮನ್ಸ್, ಫಿಲಿಪ್ಸ್, ಫ್ಯೂಜಿಫಿಲಂ, ಆಗ್ಫಾ, ಸ್ವೀಡನ್ನಿನ ಸೆಕ್ಟ್ರಾ ಮುಂತಾದವುಗಳ ಕೈಯಲ್ಲಿದೆ. ಅಮೆರಿಕದ ಯೂಟಾದಲ್ಲಿರುವ ಕ್ಲಾಸ್ ಎಂಬ ಸಂಸ್ಥೆ ಆಸ್ಪತ್ರೆಗಳನ್ನೇ ಸಂದರ್ಶಿಸಿ ಈ ಸಾಫ್ಟ್‌ವೇರ್‌ಗಳಿಗೆ ಪ್ರತಿ ವರ್ಷ ಅಂಕ ಕೊಡುತ್ತದೆ. ದೊಡ್ಡ ಆಸ್ಪತ್ರೆಗಳ ಪ್ಯಾಕ್ಸ್ ವಿಭಾಗದಲ್ಲಿ ಸೆಕ್ಟ್ರಾ ಅಲ್ಲಿ ವರ್ಷಾನುವರ್ಷ ಮೊದಲ ಸ್ಥಾನದಲ್ಲಿದೆ. ಆ ಅಂಕಗಳ ಹಿಂದೆ ಶ್ರಮವಿದೆ, ಬಳಸುವವರ ಮಾತಿಗೆ ಬೆಲೆಯಿದೆ. ಕಂಪನಿಯ ಜಾಹೀರಾತಿಗಿಂತ ನೂರು ಪಾಲು ಮೇಲು. ಆದರೆ ಅವು ಬಹುಪಾಲು ಅಮೆರಿಕದ ಆಸ್ಪತ್ರೆಗಳ ಅನುಭವ. ಮಧ್ಯಾಹ್ನ ಕರೆಂಟು ಹೋಗುವ, ಇಂಟರ್ನೆಟ್ ನಿಧಾನವಾದ, ಒಬ್ಬನೇ ಟೆಕ್ನಿಷಿಯನ್ ಇಡೀ ದಿನದ ಎಕ್ಸ್‌ರೇ ತೆಗೆಯುವ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಸಾಫ್ಟ್‌ವೇರ್ ಎಷ್ಟು ಕೆಲಸ ಮಾಡೀತು ಎಂದು ಆ ಪಟ್ಟಿ ನೋಡಿ ಹೇಳಲು ಬರುವುದಿಲ್ಲ.

ಕಳೆದ ಎರಡು ದಶಕಗಳ ಇನ್ನೊಂದು ದೊಡ್ಡ ಪ್ರವೃತ್ತಿ, ಕಂಪನಿಗಳೇ ಕೈ ಬದಲಾಯಿಸುವುದು. ಕೊಡಕ್‌ನ ಆರೋಗ್ಯ ವಿಭಾಗ 2007ರಲ್ಲಿ ಕೇರ್‌ಸ್ಟ್ರೀಮ್ ಆಯಿತು. ಅದರ ಸಾಫ್ಟ್‌ವೇರ್ ವ್ಯವಹಾರವನ್ನು 2019ರಲ್ಲಿ ಫಿಲಿಪ್ಸ್ ಕೊಂಡಿತು. ಮರ್ಜ್ ಹೆಲ್ತ್‌ಕೇರ್ ಎಂಬ ಇಮೇಜಿಂಗ್ ಕಂಪನಿಗೆ ಐಬಿಎಂ 2015ರಲ್ಲಿ ನೂರು ಕೋಟಿ ಡಾಲರ್ ತೆತ್ತಿತು. ವಾಟ್ಸನ್ ಎಂಬ ತನ್ನ ಕೃತಕ ಬುದ್ಧಿಮತ್ತೆಗೆ ಆ ಚಿತ್ರಗಳನ್ನು ಉಣಿಸುವ ಆಸೆ ಅದರದು. ಏಳೇ ವರ್ಷದಲ್ಲಿ, 2022ರಲ್ಲಿ, ಅದನ್ನು ಮಾರಿ ಕೈತೊಳೆದುಕೊಂಡಿತು. ಇಂಥ ವ್ಯವಹಾರಗಳನ್ನು ಷೇರುಪೇಟೆಯ ಸುದ್ದಿಯೆಂದು ನಾವು ಓದಿ ಬಿಡುತ್ತೇವೆ. ಆಸ್ಪತ್ರೆಗೆ ಅದರ ಅರ್ಥವೇ ಬೇರೆ: ಇವತ್ತು ಯಾರಿಗೆ ಚಿತ್ರ ಒಪ್ಪಿಸಿದೆವೋ ಅವರು ನಾಳೆ ಇರುತ್ತಾರೆಂಬ ಭರವಸೆಯಿಲ್ಲ. ಒಪ್ಪಂದ ಮುಗಿದಾಗ ಹಳೆಯ ಚಿತ್ರಗಳನ್ನೆಲ್ಲ ಡೈಕಾಂ ರೂಪದಲ್ಲೇ, ಹೆಚ್ಚುವರಿ ಶುಲ್ಕವಿಲ್ಲದೆ ವಾಪಸು ಕೊಡಬೇಕು ಎಂಬ ಕಲಮು ಟೆಂಡರಿನಲ್ಲಿ ಇಲ್ಲದಿದ್ದರೆ, ಆಸ್ಪತ್ರೆ ಆ ಕಂಪನಿಗೆ ಕಟ್ಟುಬಿದ್ದಂತೆಯೇ.

ನಮ್ಮ ಕಡೆ ಈ ಮಾರುಕಟ್ಟೆ ರೇಡಿಯಾಲಜಿಸ್ಟರ ಕೊರತೆಯ ಮೇಲೆ ನಿಂತಿದೆ. ನೂರನಲವತ್ತು ಕೋಟಿ ಜನಕ್ಕೆ ಇಪ್ಪತ್ತು ಸಾವಿರದ ಆಸುಪಾಸು ರೇಡಿಯಾಲಜಿಸ್ಟರು ಎಂಬುದು ಸಾಮಾನ್ಯವಾಗಿ ಕೇಳಿಬರುವ ಲೆಕ್ಕ. ಅವರಲ್ಲಿ ಹೆಚ್ಚಿನವರು ನಗರಗಳಲ್ಲಿ. ಚಿತ್ರ ತೆಗೆಯುವುದು ಒಂದು ಕಡೆ, ಓದುವುದು ಇನ್ನೊಂದು ಕಡೆ ಎಂಬ ಟೆಲಿರೇಡಿಯಾಲಜಿಗೆ ಬೆಂಗಳೂರೇ ಒಂದು ತವರು. ಡಾ. ಅರ್ಜುನ್ ಕಲ್ಯಾಣಪುರ ಮತ್ತು ಡಾ. ಸುನೀತಾ ಮಹೇಶ್ವರಿ 2002ರಲ್ಲಿ ಕಟ್ಟಿದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್, ಅಮೆರಿಕದ ರಾತ್ರಿಪಾಳಿಯ ಸ್ಕ್ಯಾನ್‌ಗಳನ್ನು ವೈಟ್‌ಫೀಲ್ಡ್‌ನಲ್ಲಿ ಹಗಲು ಹೊತ್ತು ಓದಿ ಹೆಸರಾಯಿತು. ಮುಂದೆ 5ಸಿ ನೆಟ್‌ವರ್ಕ್‌ನಂಥ ಬೆಂಗಳೂರಿನ ಹೊಸ ಕಂಪನಿಗಳು ದೇಶದ ಸಣ್ಣ ಊರುಗಳ ಚಿತ್ರಗಳನ್ನೂ ಓದಿಕೊಡಲು ಬಂದವು. ಸರ್ಕಾರದ ಕಡೆಯಿಂದ, 2015ರಲ್ಲಿ ಶುರುವಾದ ಉಚಿತ ರೋಗಪತ್ತೆ ಸೇವೆಯ ರಾಷ್ಟ್ರೀಯ ಯೋಜನೆ ಟೆಲಿರೇಡಿಯಾಲಜಿಯನ್ನೂ ಜಿಲ್ಲಾ ಆಸ್ಪತ್ರೆಯ ಸಿಟಿ ಸ್ಕ್ಯಾನನ್ನೂ ಒಳಗೊಂಡಿತು. ಕರ್ನಾಟಕದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಪುಣೆಯ ಕೃಷ್ಣಾ ಡಯಾಗ್ನೊಸ್ಟಿಕ್ಸ್ ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ಸ್ಕ್ಯಾನಿಂಗ್ ನಡೆಸುತ್ತದೆ.

ಬಡವರಿಗೆ ಇದರಿಂದ ಉಪಕಾರವಾಗಿದೆ, ಅದನ್ನು ಒಪ್ಪಲೇಬೇಕು. ಖಾಸಗಿ ಸ್ಕ್ಯಾನಿಂಗ್ ಸೆಂಟರಿನ ಬಾಗಿಲು ಕಾಣದವರಿಗೂ ಸಿಟಿ ಸಿಕ್ಕಿದೆ. ಆದರೆ ಇಂಥ ಒಪ್ಪಂದಗಳನ್ನು ಅಳೆಯುವಾಗ ಎಷ್ಟು ಸ್ಕ್ಯಾನ್ ಆಯಿತು, ಎಷ್ಟು ಗಂಟೆಯಲ್ಲಿ ರಿಪೋರ್ಟ್ ಬಂತು ಎಂಬ ಎರಡೇ ಅಳತೆ ಮುಂದೆ ಬರುತ್ತವೆ. ರಿಪೋರ್ಟ್ ಸರಿಯಿತ್ತೇ? ರೋಗಿಯ ಹಿಂದಿನ ಚಿತ್ರ ಓದುವವರ ಮುಂದೆ ಇತ್ತೇ? ಕೆಜಿಎಫ್‌ನಲ್ಲಿ ಈ ಎರಡನೆಯ ಪ್ರಶ್ನೆ ಜೀವನ್ಮರಣದ್ದು. ಗಣಿಯಲ್ಲಿ ದುಡಿದವನ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುವ ಮಚ್ಚೆ ಹತ್ತು ವರ್ಷದಿಂದ ಹಾಗೆಯೇ ಇದ್ದರೆ ಅದು ಹಳೆಯ ಸಿಲಿಕೋಸಿಸ್ ಇರಬಹುದು. ಮೂರು ತಿಂಗಳಲ್ಲಿ ಹುಟ್ಟಿದ್ದರೆ ಕ್ಷಯ ಇರಬಹುದು, ಕ್ಯಾನ್ಸರ್ ಇರಬಹುದು. ಒಂದೇ ಚಿತ್ರ ನೋಡಿ ದೂರದ ರೇಡಿಯಾಲಜಿಸ್ಟ್ ಇದನ್ನು ಹೇಳಲಾರ, ಎಷ್ಟೇ ನಿಪುಣನಾಗಿರಲಿ. ಆತನಿಗೆ ಈ ಮನುಷ್ಯ ಗಣಿಯವನು ಎಂಬುದೂ ಗೊತ್ತಿರುವುದಿಲ್ಲ, ಏಕೆಂದರೆ ಎಕ್ಸ್‌ರೇ ಚೀಟಿಯಲ್ಲಿ ಕಸುಬಿನ ಕಾಲಮ್ಮು ಸಾಮಾನ್ಯವಾಗಿ ಇರುವುದಿಲ್ಲ. ರೋಗಿ ತಮಿಳಿನಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಹೇಳಿದ ಮೂವತ್ತು ವರ್ಷದ ಮೈನ್ಸ್ ಚಾಕರಿಯ ಕಥೆ ಟೆಕ್ನಿಷಿಯನ್‌ನ ಕಿವಿಗೆ ಬಿದ್ದು ಅಲ್ಲೇ ನಿಲ್ಲುತ್ತದೆ.

ವಾಟ್ಸಾಪ್ ಕುರಿತೂ ಒಂದು ಮಾತು. ಸಣ್ಣ ಆಸ್ಪತ್ರೆಗಳಲ್ಲಿ ನಿಜವಾದ ಪ್ಯಾಕ್ಸ್ ಇವತ್ತು ವಾಟ್ಸಾಪ್ಪೇ. ಡ್ಯೂಟಿ ಡಾಕ್ಟರು ಪರದೆಯ ಫೋಟೊ ತೆಗೆದು ಹಿರಿಯರಿಗೆ ಕಳಿಸುತ್ತಾರೆ, ಎರಡು ನಿಮಿಷದಲ್ಲಿ ಉತ್ತರ ಬರುತ್ತದೆ. ಮುರಿದ ಮೂಳೆಗೆ ಅದು ಸಾಕು, ತುರ್ತಿನಲ್ಲಿ ಪ್ರಾಣವನ್ನೂ ಉಳಿಸಿದೆ. ಸಿಲಿಕೋಸಿಸ್ ವಿಷಯ ಹಾಗಲ್ಲ. ದೂಳಿನ ಕಾಯಿಲೆಗಳನ್ನು ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ವರ್ಗೀಕರಣ ಮಾಡಿದೆ. ಅದರಲ್ಲಿ ಅತಿ ಸಣ್ಣ ಚುಕ್ಕೆಗಳ ಗುಂಪು ಒಂದೂವರೆ ಮಿಲಿಮೀಟರಿನೊಳಗಿನವು, ನಂತರದ್ದು ಮೂರು ಮಿಲಿಮೀಟರಿನವರೆಗೆ. ಡೈಕಾಂ ಚಿತ್ರದಲ್ಲಿ ಬೂದುಬಣ್ಣದ ಸಾವಿರಾರು ಹಂತಗಳಿರುತ್ತವೆ; ಓದುವವರು ಬೆಳಕು ಏರಿಸಿ ಇಳಿಸಿ ಪಕ್ಕೆಲುಬಿನ ಹಿಂದಿನದನ್ನೂ ನೋಡಬಹುದು. ಫೋನು ಅದನ್ನು ಇನ್ನೂರೈವತ್ತಾರು ಹಂತಕ್ಕೆ ಇಳಿಸಿ, ಹಿಂಡಿ, ಸವರಿ ಕಳಿಸುತ್ತದೆ. ಒಂದೂವರೆ ಮಿಲಿಮೀಟರಿನ ಚುಕ್ಕೆ ಆ ಸವರಿಕೆಯಲ್ಲಿ ಹೋಗುವುದು ಸಹಜ. ಕಾರ್ಮಿಕ ಸಂಸ್ಥೆ 2011ರಿಂದ ಡಿಜಿಟಲ್ ಚಿತ್ರಗಳನ್ನು ಒಪ್ಪಿಕೊಂಡಿದೆ, 2022ರ ಆವೃತ್ತಿಯಲ್ಲಿ ಡಿಜಿಟಲ್ ಮಾದರಿ ಚಿತ್ರಗಳನ್ನೇ ಕೊಟ್ಟಿದೆ. ಮಾದರಿಯ ಪಕ್ಕದಲ್ಲಿ ರೋಗಿಯ ಚಿತ್ರವನ್ನು ಮೂಲರೂಪದಲ್ಲಿ ತೆರೆಯಬಲ್ಲ ಪರದೆ ಬೇಕು, ಅಷ್ಟೇ.

ಈಗ ಎಲ್ಲರ ಬಾಯಲ್ಲಿರುವ ಎಐ. ಎದೆಯ ಎಕ್ಸ್‌ರೇ ನೋಡಿ ಕ್ಷಯದ ಅನುಮಾನಕ್ಕೆ ಅಂಕ ಕೊಡುವ ಸಾಫ್ಟ್‌ವೇರನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹದಿನೈದು ವರ್ಷ ಮೇಲ್ಪಟ್ಟವರ ತಪಾಸಣೆಗೆ ಶಿಫಾರಸು ಮಾಡಿತು. ಕಂಪನಿಗಳ ಸಾಮರ್ಥ್ಯವನ್ನು ಕಂಪನಿಗೆ ಸಂಬಂಧವಿಲ್ಲದವರು ಅಳೆದು ಹೋಲಿಸಿದ್ದು ಈ ಕ್ಷೇತ್ರದಲ್ಲೇ ಹೆಚ್ಚು, ಅದು ಮೆಚ್ಚಬೇಕಾದ ಸಂಗತಿ. ಅದೇ ವರ್ಷ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಢಾಕಾದ 23,954 ಜನರ ಎಕ್ಸ್‌ರೇಗಳನ್ನು ಐದು ಸಾಫ್ಟ್‌ವೇರ್‌ಗಳಿಗೆ ಕೊಟ್ಟು, ಕಫದ ಜೀನ್ ಪರೀಕ್ಷೆಯ ಫಲಿತಾಂಶದ ಜೊತೆ ತಾಳೆ ನೋಡಿತು. ಮುಂಬೈನ ಕ್ಯೂರ್ ಡಾಟ್ ಎಐ ಕಂಪನಿಯ ಕ್ಯೂಎಕ್ಸ್‌ಆರ್ ಮತ್ತು ನೆದರ್‌ಲೆಂಡ್ಸ್‌ನ ಕ್ಯಾಡ್4ಟಿಬಿ ಹತ್ತಿರ ಹತ್ತಿರವಾಗಿ ಮುಂದೆ ಬಂದವು, ಕೊರಿಯಾದ ಲೂನಿಟ್ ಅವುಗಳ ಹಿಂದೆ, ಉಳಿದೆರಡು ಇನ್ನಷ್ಟು ಹಿಂದೆ. ಹಿಂದುಳಿದವೂ ಸೇರಿ ಐದೂ, ಅಲ್ಲಿನ ರೇಡಿಯಾಲಜಿಸ್ಟರಿಗಿಂತ ಚೆನ್ನಾಗಿ ಓದಿದವು. ಓದುವವರೇ ಇಲ್ಲದ ಊರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು?

ಆದರೆ ಆ ಅಧ್ಯಯನ ಕಂಡುಕೊಂಡ ಇನ್ನೊಂದು ವಿಷಯ ಕೆಜಿಎಫ್‌ಗೆ ಬರೆದಿಟ್ಟಂತಿದೆ. ಅರವತ್ತು ದಾಟಿದವರಲ್ಲಿ, ಹಿಂದೆ ಕ್ಷಯ ಬಂದುಹೋದವರಲ್ಲಿ ಐದೂ ಸಾಫ್ಟ್‌ವೇರ್‌ಗಳ ಓದು ದುರ್ಬಲವಾಯಿತು. ಹಳೆಯ ಗಾಯದ ಕಲೆಯನ್ನು ಹೊಸ ಕಾಯಿಲೆಯಿಂದ ಬೇರೆ ಮಾಡುವುದು ಅವುಗಳಿಗೆ ಕಷ್ಟ. ನಮ್ಮ ಗಣಿಯವರೋ ವಯಸ್ಸಾದವರು, ಬಹಳಷ್ಟು ಜನ ಒಮ್ಮೆ ಕ್ಷಯಕ್ಕೆ ಮಾತ್ರೆ ನುಂಗಿದವರು, ಅದರ ಮೇಲೆ ಸಿಲಿಕೋಸಿಸ್ ಹೊತ್ತವರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ದುಡಿದವರ ಎಕ್ಸ್‌ರೇಗಳನ್ನೇ ಇಂಥ ಸಾಫ್ಟ್‌ವೇರ್‌ಗಳಿಗೆ ಕೊಟ್ಟು ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಂದು ಸಾಫ್ಟ್‌ವೇರಿಗೂ ಇನ್ನೊಂದಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಕಂಡಿತು. ಆ ದೇಶ ತನ್ನ ಗಣಿಯವರ ಎದೆಯ ಮೇಲೆ ಪರೀಕ್ಷೆ ಮಾಡಿಕೊಂಡಿತು. ಅಂಥದೇ ಪರೀಕ್ಷೆ ಕೆಜಿಎಫ್‌ಗೂ ಬೇಕು.

ಈ ಮಾತಿನ ತಾಂತ್ರಿಕ ತಿರುಳು ಇಷ್ಟು. ಸಾಫ್ಟ್‌ವೇರ್ ‘ಕ್ಷಯ ಇದೆ’, ‘ಇಲ್ಲ’ ಎನ್ನುವುದಿಲ್ಲ, ಒಂದು ಅಂಕ ಕೊಡುತ್ತದೆ. ಎಷ್ಟು ಅಂಕ ದಾಟಿದವರನ್ನು ಕಫ ಪರೀಕ್ಷೆಗೆ ಕಳಿಸಬೇಕು ಎಂಬ ಗೆರೆಯನ್ನು ಬಳಸುವವರು ಎಳೆಯಬೇಕು. ರಾಜ್ಯಕ್ಕೆಲ್ಲ ಒಂದೇ ಗೆರೆ ಎಳೆದರೆ, ಕೆಜಿಎಫ್‌ನ ಮುದುಕರಲ್ಲಿ ಬಹಳಷ್ಟು ಮಂದಿ ಸಿಲಿಕೋಸಿಸ್ ಕಲೆಯಿಂದಾಗಿ ಅದನ್ನು ದಾಟಬಹುದು. ಆಗ ಕಫ ಪರೀಕ್ಷೆಯ ಟ್ರೂನ್ಯಾಟ್ ಚಿಪ್ಪುಗಳು ಬೇಗ ಮುಗಿಯುತ್ತವೆ, ಸಿಬ್ಬಂದಿಗೆ ಯಂತ್ರದ ಮೇಲೆ ನಂಬಿಕೆ ಹೋಗುತ್ತದೆ. ಆ ಕಿರಿಕಿರಿಗೆ ಗೆರೆಯನ್ನು ಮೇಲಕ್ಕೆ ಸರಿಸಿದರೆ ನಿಜವಾದ ಕ್ಷಯರೋಗಿ ಕೆಳಗೆ ಉಳಿದು, ಲೈನ್ ಮನೆಯ ಒಂದೇ ಕೋಣೆಯಲ್ಲಿ ಮೊಮ್ಮಕ್ಕಳ ಪಕ್ಕದಲ್ಲಿ ಮಲಗುತ್ತಾನೆ. ಬಂಗಾರಪೇಟೆಯ ಹೊಲಗದ್ದೆಗಳ ಹಳ್ಳಿಗಳಿಗೆ ಸರಿಹೋಗುವ ಗೆರೆ ಹತ್ತು ಮೈಲಿ ಆಚೆಯ ಚಾಂಪಿಯನ್ ರೀಫ್‌ಗೆ ಸರಿಹೋಗದಿರಬಹುದು. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಅಂಕದ ಅರ್ಥವೇ ಬದಲಾಗುವುದುಂಟು, ಆಗ ಗೆರೆಯನ್ನು ಮತ್ತೆ ಎಳೆಯಬೇಕು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನೂರು ದಿನಗಳ ಕ್ಷಯ ಅಭಿಯಾನದಿಂದ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರವೂ ಎಐ ಓದೂ ಹಳ್ಳಿಗಳಿಗೆ ಬರುತ್ತಿವೆ. ಗಾಂಧಿನಗರದ ಇನ್‌ಸ್ಟಿಟ್ಯೂಟ್ ಫಾರ್ ಪ್ಲಾಸ್ಮಾ ರಿಸರ್ಚ್ ರೂಪಿಸಿದ ಡೀಪ್‌ಸಿಎಕ್ಸ್‌ಆರ್ ಎಂಬ ನಮ್ಮದೇ ಸಾರ್ವಜನಿಕ ಸಾಫ್ಟ್‌ವೇರ್ ಕೂಡ ಇದೆ. ಆದ್ದರಿಂದ ಇದು ಮುಂದೆಂದೋ ಕೇಳಬೇಕಾದ ಪ್ರಶ್ನೆಯಲ್ಲ.

ಗೋಪ್ಯತೆಯ ವಿಷಯಕ್ಕೆ ಎರಡು ಘಟನೆ ಸಾಕು. ಜರ್ಮನಿಯ ಗ್ರೀನ್‌ಬೋನ್ ಸಂಸ್ಥೆ 2020ರಲ್ಲಿ ಹೊರಗೆಡಹಿದ ವರದಿಯ ಪ್ರಕಾರ, ಪಾಸ್‌ವರ್ಡಿನ ಕಾವಲೂ ಇಲ್ಲದೆ ಇಂಟರ್ನೆಟ್ಟಿಗೆ ತೆರೆದು ಬಿದ್ದಿದ್ದ ಭಾರತದ ಪ್ಯಾಕ್ಸ್ ಸರ್ವರ್‌ಗಳಲ್ಲಿ ಹನ್ನೆರಡು ಕೋಟಿಗೂ ಹೆಚ್ಚು ಚಿತ್ರಗಳು ಯಾರ ಕೈಗಾದರೂ ಸಿಗುವಂತಿದ್ದವು. ರಾಜ್ಯಗಳಲ್ಲಿ ಮಹಾರಾಷ್ಟ್ರ ಮೊದಲನೆಯದು, ಕರ್ನಾಟಕ ಎರಡನೆಯದು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ದಾಳಿಯಾಗಿ ದೇಶದ ಹೆಸರಾಂತ ಆಸ್ಪತ್ರೆ ದಿನಗಟ್ಟಲೆ ಕಾಗದ–ಪೆನ್ನಿಗೆ ಮರಳಿತು. ವೈಯಕ್ತಿಕ ಡಿಜಿಟಲ್ ದತ್ತಾಂಶದ ಕಾಯಿದೆ 2023ರಲ್ಲಿ ಬಂದಿದೆ. ಕಾಯಿದೆ ಸರ್ವರಿನ ಪಾಸ್‌ವರ್ಡ್ ಹಾಕುವುದಿಲ್ಲ, ಅದಕ್ಕೆ ಜಿಲ್ಲೆಯಲ್ಲಿ ಜವಾಬ್ದಾರಿ ಹೊತ್ತ ಒಬ್ಬ ಮನುಷ್ಯ ಬೇಕು.

ರೋಗಿಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಪ್ರಯೋಗ ಕೋಲಾರ ಜಿಲ್ಲೆಗೆ ಹೊಸದೇನಲ್ಲ. ಟಾಟಾ ಟ್ರಸ್ಟ್ಸ್ ರಾಜ್ಯ ಸರ್ಕಾರದ ಜೊತೆ ಸೇರಿ 2017ರಲ್ಲಿ ಡಿಜಿಟಲ್ ನರ್ವ್ ಸೆಂಟರ್ ಶುರುಮಾಡಿದ್ದು ಇಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯವರೆಗೆ ರೋಗಿಯ ದಾಖಲೆಯನ್ನು ಒಂದೇ ಎಳೆಯಲ್ಲಿ ಪೋಣಿಸುವುದು ಅದರ ಉದ್ದೇಶವಾಗಿತ್ತು. ಕೇಂದ್ರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಿಂದ ಆಭಾ ಎಂಬ ಆರೋಗ್ಯ ಗುರುತಿನ ನಂಬರ್ ಕೊಡುತ್ತಿದೆ. ಎನ್‌ಐಸಿಯ ಇ-ಹಾಸ್ಪಿಟಲ್ ಸಾಫ್ಟ್‌ವೇರ್ ಸರ್ಕಾರಿ ಆಸ್ಪತ್ರೆಗಳಲ್ಲಿ ಇದೆ. ಎಳೆಗಳು ಇವೆ; ಎದೆಯ ಚಿತ್ರವನ್ನು ಆ ಎಳೆಗೆ ಕಟ್ಟುವ ಕೆಲಸ ಬಾಕಿ. ಅದಕ್ಕೆ ಕೋಟಿಗಟ್ಟಲೆ ಬೇಕೆಂದೇನೂ ಇಲ್ಲ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2012ರಲ್ಲಿ ಹುಟ್ಟಿದ ಆರ್ಥಾಂಕ್ ಎಂಬ ಮುಕ್ತ ಸಾಫ್ಟ್‌ವೇರ್ ಸಾಧಾರಣ ಕಂಪ್ಯೂಟರಿನಲ್ಲೂ ಓಡುವ ಪುಟ್ಟ ಪ್ಯಾಕ್ಸ್. ಲೈಸೆನ್ಸಿಗೆ ದುಡ್ಡಿಲ್ಲ, ಆದರೆ ಅದನ್ನು ನೋಡಿಕೊಳ್ಳಲು ಆಳು ಬೇಕು, ಬ್ಯಾಕಪ್ ಬೇಕು. ಕೆಜಿಎಫ್‌ನಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ, ಬೆಮೆಲ್ ಕಾರ್ಖಾನೆ ಇದೆ. ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಜಿಇ, ಫಿಲಿಪ್ಸ್, ಸೀಮನ್ಸ್‌ಗಳ ಇಂಜಿನಿಯರುಗಳು ಇಡೀ ಜಗತ್ತಿಗೆ ಬೇಕಾದ ಇಮೇಜಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಆಳಿಗೆ ಬರವಿಲ್ಲ.

ನನ್ನ ತೀರ್ಪು ಇದು: ಕೆಜಿಎಫ್‌ಗೆ ಬರುವ ಯಾವ ಕಂಪನಿಯನ್ನೂ ಅದರ ಅಮೆರಿಕದ ಅಂಕದಿಂದ, ಢಾಕಾದ ಅಂಕದಿಂದ ಮಾತ್ರ ಅಳೆಯಬಾರದು. ಈ ಊರಿನ ಗಣಿಯವರ ಎದೆಯನ್ನು ಅದು ಎಷ್ಟು ಸರಿಯಾಗಿ ಓದುತ್ತದೆ, ಅವರ ಹಳೆಯ ಚಿತ್ರವನ್ನು ಹೊಸದರ ಪಕ್ಕದಲ್ಲಿ ಎಷ್ಟು ಸಲೀಸಾಗಿ ತೆರೆಯುತ್ತದೆ, ಬಿಟ್ಟುಹೋಗುವಾಗ ಎಲ್ಲವನ್ನೂ ಹಿಂದಿರುಗಿಸುತ್ತದೆಯೇ ಎಂಬುದರಿಂದಲೇ ಅಳೆಯಬೇಕು. ಜಿಲ್ಲಾ ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ: ಮುಂದಿನ ಟೆಂಡರಿಗೆ ಸಹಿ ಹಾಕುವ ಮೊದಲು ಮಾಜಿ ಗಣಿ ಕಾರ್ಮಿಕರ ಎಕ್ಸ್‌ರೇಗಳನ್ನು ಅವರ ಒಪ್ಪಿಗೆಯಿಂದ ಕೂಡಿಸಿ, ಹೆಸರು ತೆಗೆದು, ಅನುಭವಿ ವೈದ್ಯರಿಂದ ಓದಿಸಿ, ಅದೇ ಚಿತ್ರಗಳನ್ನು ಪ್ರತಿ ಸಾಫ್ಟ್‌ವೇರಿಗೂ ಕೊಟ್ಟು ಬಂದ ಫಲಿತಾಂಶವನ್ನು ಪ್ರಕಟಿಸಿ. ಎಕ್ಸ್‌ರೇ ಚೀಟಿಯಲ್ಲಿ ‘ಗಣಿಯಲ್ಲಿ ಎಷ್ಟು ವರ್ಷ’ ಎಂಬ ಒಂದು ಸಾಲು ಸೇರಿಸಿ. ಓದುಗರಿಗೆ, ಅದರಲ್ಲೂ ಗಣಿಯ ಮನೆಗಳವರಿಗೆ: ಸ್ಕ್ಯಾನ್ ಆದ ಮೇಲೆ ಪ್ರಿಂಟಿನ ಜೊತೆ ಡೈಕಾಂ ಚಿತ್ರವನ್ನೂ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯಿರಿ, ಅಪ್ಪನ, ತಾತನ ಹಳೆಯ ಫಿಲ್ಮುಗಳು ಅಟ್ಟದ ಮೇಲಿದ್ದರೆ ಎಸೆಯಬೇಡಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವನ್ನೂ ತೆಗೆದುಕೊಂಡು ಹೋಗಿ.